ತಟ್ಟಿದರೆ ನುಡಿಯುವ ತಂತಿ

ವ್ಯಾನ್ ಹೇಲನ್ ತಂಡದ ಮೊದಲ ಆಲ್ಬಮ್ 1978ರಲ್ಲಿ ಹೊರಬಂತು. ಅದರಲ್ಲಿದ್ದ ‘ಎರಪ್ಷನ್’ ಎಂಬ ತುಣುಕು ಎರಡು ನಿಮಿಷವೂ ಇಲ್ಲ. ಹಾಡಿಲ್ಲ, ಮಾತಿಲ್ಲ, ಎಡ್ಡಿ ವ್ಯಾನ್ ಹೇಲನ್‌ ಅವರ ಗಿಟಾರೇ ಎಲ್ಲ. ಅದರ ಕೊನೆಯ ಭಾಗದಲ್ಲಿ ಮೀಟಬೇಕಾದ ಬಲಗೈ ಮೀಟುವುದನ್ನು ಬಿಟ್ಟು ನೇರವಾಗಿ ಫ್ರೆಟ್‌ಬೋರ್ಡಿನ ಮೇಲೇರಿ ತಂತಿಯನ್ನು ತಟ್ಟತೊಡಗುತ್ತದೆ. ಎಡಗೈ ಬೆರಳುಗಳೂ ಜೊತೆಗೂಡುತ್ತವೆ. ಸ್ವರಗಳು ಧಾರೆಯಾಗಿ ಸುರಿಯುತ್ತವೆ. ಆ ಧ್ವನಿಮುದ್ರಣ ಕೇಳಿದ ಒಂದು ಇಡೀ ತಲೆಮಾರಿಗೆ ಎರಡು ಕೈಗಳ ಟ್ಯಾಪಿಂಗ್ ಎಂದರೆ ಅಬ್ಬರದ ರಾಕ್, ಕಿರುಚುವ ಆಂಪ್ಲಿಫೈಯರ್ ಎಂದೇ ಆಗಿಹೋಯಿತು.

ಅದೇ ಟ್ಯಾಪಿಂಗನ್ನು ಡಿಸ್ಟಾರ್ಷನ್ ಪೆಡಲ್ ಆಫ್ ಮಾಡಿ ನುಡಿಸಿ ನೋಡಿದವರಿಗೆ ಮಾತ್ರ ಬೇರೊಂದು ಸತ್ಯ ಗೊತ್ತು. ಧಾರೆ ನಿಂತುಹೋಗುತ್ತದೆ. ಒಂದು ಸ್ವರ ಜೋರು, ಇನ್ನೊಂದು ಕೇಳಿಯೂ ಕೇಳದಷ್ಟು ಮೆಲು. ಬೆರಳು ಬಡಿದ ಟಕ್ ಟಕ್ ಸದ್ದು ಸ್ವರಕ್ಕಿಂತ ಮುಂದೆ ನಿಲ್ಲುತ್ತದೆ. ಮುಟ್ಟದೇ ಬಿಟ್ಟ ತಂತಿಗಳು ತಮ್ಮಷ್ಟಕ್ಕೆ ಗುಂಯ್‌ಗುಡುತ್ತವೆ. ಹೀಗಿದ್ದರೂ ಇಂದಿನ ಅನೇಕ ಗಿಟಾರ್ ವಾದಕರು ಬೇಕೆಂದೇ ಈ ಕಷ್ಟದ ದಾರಿ ಹಿಡಿದಿದ್ದಾರೆ. ಕ್ಲೀನ್ ಟೋನ್, ಅಂದರೆ ಕಲಬೆರಕೆಯಿಲ್ಲದ ತಿಳಿನಾದದಲ್ಲಿ ಟ್ಯಾಪ್ ಮಾಡುವುದೇ ಒಂದು ಶೈಲಿಯಾಗಿ ಬೆಳೆದಿದೆ. ಅದಕ್ಕೆ ಕಾರಣ ಗೊತ್ತಾಗಬೇಕಾದರೆ ಡಿಸ್ಟಾರ್ಷನ್ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಎರಡು ಸ್ವರ ಕೂಡಿದಾಗ

ಡಿಸ್ಟಾರ್ಷನ್ ಎಂದರೆ ಸರಳವಾಗಿ ಹೇಳುವುದಾದರೆ ಅಲೆಯ ತಲೆ ಕತ್ತರಿಸುವುದು. ಸರ್ಕ್ಯೂಟು ತಾಳಿಕೊಳ್ಳುವ ಮಿತಿಯನ್ನು ಮೀರಿ ಬಂದ ಸಿಗ್ನಲ್ಲಿನ ತುದಿ ಚಪ್ಪಟೆಯಾಗುತ್ತದೆ. ಜೋರಾದ ಸ್ವರ ಒಂದು ಮಟ್ಟಕ್ಕಿಂತ ಮೇಲೆ ಹೋಗಲಾರದು, ಮೆಲುವಾದದ್ದು ಅದೇ ಮಟ್ಟದತ್ತ ಏರುತ್ತದೆ. ಹೀಗಾಗಿ ಬೆರಳಿನ ಬಲ ಹೆಚ್ಚುಕಡಿಮೆಯಾದರೂ ಕಿವಿಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಸ್ವರ ಬೇಗ ಸಾಯುವುದೂ ಇಲ್ಲ. ಮೀಟಿದ ತಂತಿಗೆ ಸಿಗುವಷ್ಟು ಬಲ ತಟ್ಟಿದ ತಂತಿಗೆ ಸಿಗದ ಕಾರಣ ಟ್ಯಾಪಿಂಗಿಗೆ ಇದು ದೊಡ್ಡ ಆಸರೆ.

ಒಂದು ಸಲಕ್ಕೆ ಒಂದೇ ಸ್ವರ ನುಡಿಸುವವರೆಗೆ ಈ ಆಸರೆ ಚೆನ್ನ. ಎರಡು ಸ್ವರ ಒಟ್ಟಿಗೆ ನುಡಿದಾಗ ಸರ್ಕ್ಯೂಟು ಅವುಗಳ ಮೊತ್ತ ಮತ್ತು ವ್ಯತ್ಯಾಸದ ಕಂಪನಗಳನ್ನೂ ಹುಟ್ಟಿಸುತ್ತದೆ. 440 ಹರ್ಟ್ಜ್‌ನ ‘ಎ’ ಸ್ವರವನ್ನು ಷಡ್ಜ ಎಂದುಕೊಳ್ಳೋಣ. ಗಿಟಾರಿನಲ್ಲಿ ಅದರ ಪಂಚಮ ಸುಮಾರು 659 ಹರ್ಟ್ಜ್. ಎರಡರ ವ್ಯತ್ಯಾಸ 219. ಇದು ಕೆಳಸ್ಥಾಯಿಯ ಷಡ್ಜವಾದ 220ಕ್ಕೆ ತೀರ ಹತ್ತಿರ, ಆದ್ದರಿಂದ ಕೇಳಲು ಹಿತ. ಷಡ್ಜ-ಪಂಚಮಗಳನ್ನಷ್ಟೇ ಕೂಡಿಸುವ ರಾಕ್ ಸಂಗೀತದ ಪವರ್ ಕಾರ್ಡ್ ನಿಂತಿರುವುದೇ ಈ ಲೆಕ್ಕದ ಮೇಲೆ. ಅದೇ ಷಡ್ಜದ ಜೊತೆ ಅಂತರ ಗಾಂಧಾರ ಸೇರಿದರೆ? ಗಿಟಾರಿನಲ್ಲಿ ಅದು ಸುಮಾರು 554 ಹರ್ಟ್ಜ್. ವ್ಯತ್ಯಾಸ 114. ಕೆಳಗಿನ ಷಡ್ಜ 110ರಲ್ಲಿದೆ, ಅದರ ಮೇಲಿನ ಸ್ವರ 116.5ರಲ್ಲಿ. ಹೊಸದಾಗಿ ಹುಟ್ಟಿದ ಕಂಪನ ಎರಡಕ್ಕೂ ಸೇರದೆ ನಡುವೆ ತ್ರಿಶಂಕುವಾಗಿ ನಿಂತು ರಾಡಿ ಎಬ್ಬಿಸುತ್ತದೆ. ಮೂರು ನಾಲ್ಕು ಸ್ವರಗಳ ಕಾರ್ಡ್ ಆದರಂತೂ ಯಾವುದು ಯಾವುದೆಂದು ತಿಳಿಯುವುದೇ ಇಲ್ಲ.

ಎರಡು ಕೈಗಳ ಟ್ಯಾಪಿಂಗಿನ ನಿಜವಾದ ಆಸೆ ಇರುವುದು ಆ ಮೂರು ನಾಲ್ಕು ಸ್ವರಗಳಲ್ಲೇ. ಎಡಗೈ ಬಾಸ್ ಮತ್ತು ಕಾರ್ಡ್ ಹಿಡಿಯಬೇಕು, ಬಲಗೈ ಅದರ ಮೇಲೆ ರಾಗ ನುಡಿಸಬೇಕು, ಎರಡೂ ಬೇರೆಬೇರೆಯಾಗಿ ಕೇಳಬೇಕು. ಹಾಗಾಗಬೇಕಾದರೆ ನಾದ ತಿಳಿಯಾಗಿರಲೇಬೇಕು.

ಪಿಕಪ್ ಮಾರಲು ಹುಟ್ಟಿದ ಚಮತ್ಕಾರ

ಚರಿತ್ರೆಯಲ್ಲಿ ಮೊದಲು ಬಂದದ್ದು ಈ ತಿಳಿನಾದದ ಟ್ಯಾಪಿಂಗೇ. ಅಮೆರಿಕದ ಪಿಕಪ್ ವಿನ್ಯಾಸಕ ಹ್ಯಾರಿ ಡಿಆರ್ಮಂಡ್ ತಂತಿಯ ಕಂಪನವನ್ನು ಹಿಡಿಯುವ ತಮ್ಮ ಪಿಕಪ್ ಎಷ್ಟು ಸೂಕ್ಷ್ಮ ಎಂದು ತೋರಿಸಲು ತಂತಿಯನ್ನು ಮೀಟದೆ ಎರಡೂ ಕೈಗಳಿಂದ ತಟ್ಟಿ ನುಡಿಸುತ್ತಿದ್ದರು. ಅವರ ಗೆಳೆಯ ಜಿಮ್ಮಿ ವೆಬ್‌ಸ್ಟರ್ ಗ್ರೆಚ್ ಗಿಟಾರ್ ಕಂಪನಿಯ ಪರವಾಗಿ ವಾದ್ಯಗಳ ಪ್ರದರ್ಶನ ಕೊಡುತ್ತಿದ್ದವರು. ಅವರು ಈ ವಿಧಾನವನ್ನು ಬೆಳೆಸಿ 1952ರಲ್ಲಿ ‘ಟಚ್ ಮೆಥಡ್’ ಎಂಬ ಪಾಠಪುಸ್ತಕವನ್ನೇ ಪ್ರಕಟಿಸಿದರು. ಎರಡು ಕೈಗಳ ಸ್ವರಗಳು ಒಂದರ ಮೇಲೊಂದು ಬೀಳದಂತೆ ಮಾಡುವ ದಾರಿಯನ್ನೂ ಗ್ರೆಚ್ 1950ರ ದಶಕದ ಕೊನೆಯಲ್ಲಿ ಹುಡುಕಿತು. ಕೆಳಗಿನ ತಂತಿಗಳು ಒಂದು ಆಂಪ್ಲಿಫೈಯರಿಗೆ, ಮೇಲಿನ ತಂತಿಗಳು ಇನ್ನೊಂದಕ್ಕೆ ಹೋಗುವ ಸ್ಟೀರಿಯೊ ಗಿಟಾರ್ ಆಗ ಮಾರುಕಟ್ಟೆಗೆ ಬಂತು. ಆ ಯೋಜನೆಯ ಹಿಂದೆಯೂ ವೆಬ್‌ಸ್ಟರ್ ಇದ್ದರು.

ಮುಂದೆ ಎಮ್ಮೆಟ್ ಚಾಪ್‌ಮನ್ ಗಿಟಾರನ್ನೇ ಬಿಟ್ಟು ಹೊಸ ವಾದ್ಯ ಕಟ್ಟಿದರು. 1969ರಲ್ಲಿ ಅವರು ಎರಡೂ ಕೈಗಳನ್ನು ಫ್ರೆಟ್‌ಬೋರ್ಡಿಗೆ ಅಡ್ಡಲಾಗಿ ಎರಡು ಬದಿಯಿಂದ ತಂದು ನುಡಿಸುವ ಕ್ರಮ ಕಂಡುಕೊಂಡರು. 1974ರಿಂದ ‘ಚಾಪ್‌ಮನ್ ಸ್ಟಿಕ್’ ಮಾರಾಟಕ್ಕೆ ಬಂತು. ಅದಕ್ಕೆ ಗಿಟಾರಿನ ಹೊಟ್ಟೆಯಿಲ್ಲ, ಉದ್ದನೆಯ ಫ್ರೆಟ್‌ಬೋರ್ಡೇ ವಾದ್ಯ. ಕಿಂಗ್ ಕ್ರಿಮ್ಸನ್ ತಂಡದ ಟೋನಿ ಲೆವಿನ್ 1981ರ ‘ಡಿಸಿಪ್ಲಿನ್’ ಆಲ್ಬಮ್ಮಿನಲ್ಲಿ ಅದನ್ನು ನುಡಿಸಿ ಪ್ರಸಿದ್ಧಗೊಳಿಸಿದರು.

ಸಾಮಾನ್ಯ ಆರು ತಂತಿಯ ಗಿಟಾರಿನಲ್ಲೇ ಪಿಯಾನೊದ ಕೆಲಸ ಸಾಧ್ಯವೆಂದು ಜಗತ್ತಿಗೆ ತೋರಿಸಿದವರು ಸ್ಟ್ಯಾನ್ಲಿ ಜೋರ್ಡಾನ್. 1959ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಇವರು ಮೊದಲು ಕಲಿತದ್ದು ಪಿಯಾನೊ, ಗಿಟಾರಿಗೆ ಬಂದದ್ದು ಆಮೇಲೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದಿ, ನ್ಯೂಯಾರ್ಕಿನ ಬೀದಿಗಳಲ್ಲೂ ನುಡಿಸಿದರು. 1985ರಲ್ಲಿ ಬ್ಲೂ ನೋಟ್ ಸಂಸ್ಥೆ ಹೊರತಂದ ಅವರ ‘ಮ್ಯಾಜಿಕ್ ಟಚ್’ ಬಿಲ್‌ಬೋರ್ಡ್‌ನ ಜಾಝ್ ಪಟ್ಟಿಯಲ್ಲಿ 51 ವಾರ ಮೊದಲ ಸ್ಥಾನದಲ್ಲಿತ್ತು. ಬೀಟಲ್ಸ್ ತಂಡದ ‘ಎಲೆನರ್ ರಿಗ್ಬಿ’ಯನ್ನು ಅವರು ನುಡಿಸಿದ್ದನ್ನು ಕೇಳಿದವರಿಗೆ ಇಬ್ಬರು ಗಿಟಾರ್ ವಾದಕರಿದ್ದಾರೆ ಎನಿಸುವುದು ಸಹಜ. ಇರುವುದು ಒಬ್ಬರೇ. ಅವರು ಗಿಟಾರಿನ ಶ್ರುತಿಯನ್ನೂ ಬದಲಿಸಿಕೊಂಡರು. ವಾಡಿಕೆಯ ಇ-ಎ-ಡಿ-ಜಿ-ಬಿ-ಇ ಬದಲು ಇ-ಎ-ಡಿ-ಜಿ-ಸಿ-ಎಫ್. ಎಲ್ಲ ತಂತಿಗಳ ನಡುವೆ ಒಂದೇ ಅಂತರ ಇರುವುದರಿಂದ ಬೆರಳಿನ ಒಂದು ಆಕಾರ ಯಾವ ತಂತಿಗೆ ಹೋದರೂ ಬದಲಾಗುವುದಿಲ್ಲ.

ಬೇಡದ ಅರ್ಧದ ಕಾಟ

ತಂತಿಯನ್ನು ಮೀಟಿದಾಗ ಸಾಮಾನ್ಯವಾಗಿ ಬೆರಳಿನಿಂದ ತಂತಿಯ ಕೆಳತುದಿಯನ್ನು ಹೊತ್ತ ಬ್ರಿಜ್‌ವರೆಗಿನ ಭಾಗ ಮಾತ್ರ ಕಂಪಿಸುತ್ತದೆ. ತಟ್ಟಿದಾಗ ಹಾಗಲ್ಲ. ಬಡಿತ ಬಿದ್ದ ಜಾಗದಲ್ಲಿ ತಂತಿ ಎರಡು ಭಾಗವಾಗಿ ಎರಡೂ ಕಡೆ ಅಲುಗುತ್ತದೆ. ಒಂದು ಬ್ರಿಜ್ ಕಡೆಯದು, ಬೇಕಾದದ್ದು. ಇನ್ನೊಂದು ಗಿಟಾರಿನ ತಲೆಯ ಕಡೆಯದು, ಬೇಡದ್ದು. ಮರದ ಅಕೌಸ್ಟಿಕ್ ಗಿಟಾರಿನಲ್ಲಿ ಇವೆರಡೂ ಕೇಳುತ್ತವೆ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಇರುವುದು ಬ್ರಿಜ್ ಕಡೆ. ತನ್ನ ಮೇಲೆ ಹಾದುಹೋಗುವ ಉಕ್ಕಿನ ತಂತಿಯ ಕಂಪನವನ್ನಷ್ಟೇ ಅದು ಹಿಡಿಯುವುದರಿಂದ ಬೇಡದ ಭಾಗ ಬಹುಮಟ್ಟಿಗೆ ತಾನಾಗಿಯೇ ಹೊರಗುಳಿಯುತ್ತದೆ. ಎಲೆಕ್ಟ್ರಿಕ್ ಗಿಟಾರು ಬರುವವರೆಗೆ ಈ ವಾದನಕ್ರಮ ದೊಡ್ಡದಾಗಿ ಬೆಳೆಯದಿರಲು ಇದೂ ಒಂದು ಕಾರಣ.

ತೊಂದರೆ ಬರುವುದು ಬೆರಳೆತ್ತಿದಾಗ. ಬೆರಳು ಹೊರಟ ಕ್ಷಣ ಇಡೀ ತಂತಿ ಬಿಡುಗಡೆಯಾಗಿ ತನ್ನ ತೆರೆದ ಸ್ವರವನ್ನು ನುಡಿಯುತ್ತದೆ. ಪಕ್ಕದ ತಂತಿಗಳೂ ಅನುರಣನದಿಂದ ಜೊತೆಗೂಡುತ್ತವೆ. ಡಿಸ್ಟಾರ್ಷನ್ ಇದ್ದರೆ ಇವು ಅರಚುತ್ತವೆ, ಇಲ್ಲದಿದ್ದರೆ ಮಂಜಿನಂತೆ ಕವಿಯುತ್ತವೆ. ಎರಡೂ ಬೇಡದ್ದೇ. ಆದ್ದರಿಂದಲೇ ಕ್ಲೀನ್ ಟೋನಿನ ಮೊದಲ ಸಾಧನ ಯಾವ ಪೆಡಲೂ ಅಲ್ಲ, ತಲೆಯ ಕಡೆಯ ತುದಿಯಲ್ಲಿ ತಂತಿಗಳನ್ನು ಹೊತ್ತ ನಟ್ ಪಕ್ಕದಲ್ಲಿ ತಂತಿಗಳನ್ನು ಮೃದುವಾಗಿ ಒತ್ತಿಹಿಡಿಯುವ ಡ್ಯಾಂಪರ್. ಕೂದಲಿಗೆ ಕಟ್ಟುವ ಬಟ್ಟೆಯ ರಬ್ಬರ್ ಬ್ಯಾಂಡನ್ನು ಮೊದಲ ಫ್ರೆಟ್ಟಿನ ಮೇಲೆ ಎಳೆದು ಕೂರಿಸಿದರೂ ಸಾಕು. ಇದೇ ಕೆಲಸಕ್ಕೆಂದೇ ತಯಾರಾದ ಪಟ್ಟಿಗಳೂ ಅಂಗಡಿಯಲ್ಲಿವೆ. ಮೈಕೆಲ್ ಜಾಕ್ಸನ್ ಅವರ 1987-89ರ ‘ಬ್ಯಾಡ್’ ಪ್ರವಾಸದಲ್ಲಿ ಗಿಟಾರ್ ನುಡಿಸಿದ ಜೆನಿಫರ್ ಬ್ಯಾಟನ್ ತಾವೇ ಒಂದು ಡ್ಯಾಂಪರ್ ರೂಪಿಸಿಕೊಂಡಿದ್ದರು.

ಡ್ಯಾಂಪರ್ ಹಾಕಿದರೆ ತೆರೆದ ತಂತಿಗಳ ಆಟ ಮುಗಿಯಿತು. ಅವುಗಳ ಗುಂಗೇ ಬೇಕೆನ್ನುವವರು ಅಂಗೈ ಅಂಚಿನಿಂದ, ಖಾಲಿ ಇರುವ ಬೆರಳುಗಳ ಬದಿಯಿಂದ ತಂತಿಗಳನ್ನು ಸುಮ್ಮನಾಗಿಸಬೇಕು. ಇದು ವರ್ಷಗಟ್ಟಲೆ ಸಾಧನೆ ಬೇಡುವ ಕೆಲಸ.

ಬೆರಳಿನ ವಿಷಯಕ್ಕೂ ಇಲ್ಲೇ ಬರಬೇಕು. ಫ್ರೆಟ್ಟಿನ ಲೋಹದ ಪಟ್ಟಿಗೆ ತೀರ ಹತ್ತಿರ, ಅದರ ಹಿಂಬದಿಯಲ್ಲಿ, ಉಗುರು ತಾಗದಂತೆ ತಟ್ಟಿದರೆ ಕಡಿಮೆ ಬಲದಲ್ಲೇ ಸ್ವರ ಸ್ಪಷ್ಟವಾಗಿ ಹುಟ್ಟುತ್ತದೆ. ಎರಡು ಫ್ರೆಟ್‌ಗಳ ನಡುವೆ ತಟ್ಟಿದರೆ ಸದ್ದು ಹೆಚ್ಚು, ಸ್ವರ ಕಡಿಮೆ. ತಟ್ಟಿದ ಬೆರಳನ್ನು ನೇರ ಮೇಲೆತ್ತದೆ ಸ್ವಲ್ಪ ಪಕ್ಕಕ್ಕೆ ಎಳೆದು ಬಿಟ್ಟಾಗ ಕೆಳಗಿನ ಬೆರಳು ಹಿಡಿದ ಸ್ವರ ತಾನೇ ನುಡಿಯುತ್ತದೆ. ಗಿಟಾರಿನವರು ಇದನ್ನು ಪುಲ್-ಆಫ್ ಎನ್ನುತ್ತಾರೆ. ಸಿತಾರ್ ವಾದಕರ ಕೃಂತನವೂ ಇದೇ ಜಾತಿಯದು.

ವಾದ್ಯ ಸಿದ್ಧವಾಗಿರಬೇಕು

ತಂತಿ ಫ್ರೆಟ್‌ಬೋರ್ಡಿನಿಂದ ಎಷ್ಟು ಎತ್ತರದಲ್ಲಿದೆ ಎಂಬುದಕ್ಕೆ ಗಿಟಾರಿನ ಭಾಷೆಯಲ್ಲಿ ಆಕ್ಷನ್ ಎನ್ನುತ್ತಾರೆ. ಟ್ಯಾಪಿಂಗಿಗೆ ಹನ್ನೆರಡನೆಯ ಫ್ರೆಟ್ಟಿನಲ್ಲಿ ಸುಮಾರು 1.5 ಮಿಲಿಮೀಟರ್ ಎತ್ತರ ಒಳ್ಳೆಯ ಆರಂಭ. ಇನ್ನೂ ಇಳಿಸಿದರೆ ಬೆರಳಿಗೆ ಸುಲಭ, ಆದರೆ ತಂತಿ ಮುಂದಿನ ಫ್ರೆಟ್‌ಗಳಿಗೆ ತಾಗಿ ಝರ್ರನೆ ಸದ್ದು ಮಾಡುತ್ತದೆ, ಕ್ಲೀನ್ ಟೋನಿನಲ್ಲಿ ಅದನ್ನು ಮುಚ್ಚಲು ಏನೂ ಇಲ್ಲ. ತಂತಿಯ ದಪ್ಪದಲ್ಲೂ ಹೀಗೆಯೇ ಕೊಟ್ಟು ತೆಗೆದುಕೊಳ್ಳುವ ಲೆಕ್ಕ. ಅತಿ ತೆಳು ತಂತಿ 0.009 ಇಂಚಿನದಾಗಿರುವ ಸೆಟ್ ತಟ್ಟಲು ಹಗುರ, 0.010 ಇಂಚಿನದು ನಾದಕ್ಕೆ ಸ್ವಲ್ಪ ಹೆಚ್ಚು ಮೈ ಕೊಡುತ್ತದೆ.

ಧ್ವನಿ ಜೋರಾಗಲೆಂದು ಪಿಕಪ್ಪನ್ನು ತಂತಿಯ ಬುಡಕ್ಕೆ ಏರಿಸುವವರಿದ್ದಾರೆ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ಪಿನ ಆಯಸ್ಕಾಂತ ತೀರ ಹತ್ತಿರವಾದರೆ ತಂತಿಯನ್ನೇ ಎಳೆದು ಅದರ ಕಂಪನವನ್ನು ಕೆಡಿಸುತ್ತದೆ. ಸ್ವರ ಶ್ರುತಿ ತಪ್ಪಿದಂತೆ ತೊನೆಯುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಪಿಕಪ್ಪಿಗೂ ನಡುವೆ ಸುಮಾರು 2 ಮಿಲಿಮೀಟರ್ ಬಿಟ್ಟರೆ ಕ್ಷೇಮ.

ಯಾವ ಪಿಕಪ್ ಆರಿಸಬೇಕು? ಕುತ್ತಿಗೆ ಬದಿಯ ನೆಕ್ ಪಿಕಪ್ಪಿನ ನಾದ ದುಂಡಗೆ, ಬ್ರಿಜ್ ಪಿಕಪ್ಪಿನದು ಚೂಪು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಟ್ಯಾಪಿಂಗಿನಲ್ಲಿ ಅದಕ್ಕೊಂದು ವಿಶೇಷ ಸೇರುತ್ತದೆ. ಫೆಂಡರ್ ಸ್ಟ್ರಾಟೊಕಾಸ್ಟರಿನ ತಂತಿಯ ಉದ್ದ 648 ಮಿಲಿಮೀಟರ್. ಅದರ ನೆಕ್ ಪಿಕಪ್ ಬ್ರಿಜ್‌ನಿಂದ ಸುಮಾರು 162 ಮಿಲಿಮೀಟರ್ ದೂರದಲ್ಲಿದೆ, ಅಂದರೆ ನಾಲ್ಕನೆಯ ಒಂದು ಭಾಗ. ಹನ್ನೆರಡನೆಯ ಫ್ರೆಟ್ಟಿನಲ್ಲಿ ತಟ್ಟಿದಾಗ ಕಂಪಿಸುವ ಉದ್ದ 324 ಮಿಲಿಮೀಟರಿಗೆ ಇಳಿಯುತ್ತದೆ, ಪಿಕಪ್ ಅದರ ನಟ್ಟನಡುವಿಗೆ ಬರುತ್ತದೆ. ನಡುವಿನಲ್ಲಿ ಮೂಲಸ್ವರದ ಅಲುಗಾಟ ಅತಿ ಹೆಚ್ಚು, ಅದರ ಎರಡು ಪಟ್ಟು ವೇಗದಲ್ಲಿ ಕಂಪಿಸುವ ಅನುಸ್ವರದ ಅಲುಗಾಟ ಶೂನ್ಯ. ಹೀಗಾಗಿ ಆ ಸ್ವರಕ್ಕೆ ಕೊಳಲಿನ ಛಾಯೆ ಬರುತ್ತದೆ. ಇದು ಕೆಲವರಿಗೆ ಇಷ್ಟ, ಕೆಲವರಿಗೆ ಮಂಕು. ಮಂಕೆನಿಸಿದವರು ನೆಕ್ ಮತ್ತು ನಡುವಿನ ಪಿಕಪ್ ಎರಡನ್ನೂ ಒಟ್ಟಿಗೆ ಬಳಸುತ್ತಾರೆ. ಎರಡು ಬೇರೆ ಜಾಗಗಳಿಂದ ಹಿಡಿದ ನಾದ ಸೇರಿ ಗಾಜಿನಂಥ ಹೊಳಪು ಬರುತ್ತದೆ.

ಗಿಟಾರಿನಿಂದ ಹೊರಟ ಕೇಬಲ್ ಕೂಡ ಮೂಕವಲ್ಲ. ಸಾಮಾನ್ಯ ಕೇಬಲ್ಲಿಗೆ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸಿನ ಕೆಪ್ಯಾಸಿಟೆನ್ಸ್ ಇರುತ್ತದೆ. ಕೇಬಲ್ ಉದ್ದವಾದಷ್ಟೂ ಸ್ವರದ ಮೇಲ್ತುದಿಯ ಹೊಳಪು ಸೋರುತ್ತದೆ. ಮನೆಯ ಅಭ್ಯಾಸಕ್ಕೆ ಮೂರು ಮೀಟರ್ ಸಾಕು.

ಕಂಪ್ರೆಸರ್ ಎಂಬ ಮಧ್ಯಸ್ಥ

ಬೆರಳು, ಡ್ಯಾಂಪರ್, ವಾದ್ಯ ಮೂರೂ ಸರಿಯಾದ ಮೇಲಷ್ಟೇ ಪೆಡಲಿನ ಸರದಿ. ಕ್ಲೀನ್ ಟ್ಯಾಪಿಂಗಿಗೆ ಅತಿ ಮುಖ್ಯವಾದದ್ದು ಕಂಪ್ರೆಸರ್. 1970ರ ದಶಕದ ಎಂಎಕ್ಸ್‌ಆರ್ ಡೈನಾ ಕಾಂಪ್, ಆಮೇಲೆ ಬಂದ ಬಾಸ್ ಸಿಎಸ್-3 ಇಂದಿಗೂ ಅಂಗಡಿಗಳಲ್ಲಿ ಸಿಗುವ ಹೆಸರುಗಳು. ಡಿಸ್ಟಾರ್ಷನ್ ಅಲೆಯ ತಲೆ ಕತ್ತರಿಸಿ ಮಾಡುವ ಸಮೀಕರಣವನ್ನು ಇದು ಅಲೆಯ ಆಕಾರ ಕೆಡಿಸದೆ ಮಾಡುತ್ತದೆ. ಸಿಗ್ನಲ್ ಒಂದು ಗೊತ್ತಾದ ಮಟ್ಟ ದಾಟಿದ ಕೂಡಲೇ ವಾಲ್ಯೂಮನ್ನು ತಾನೇ ತಗ್ಗಿಸುತ್ತದೆ. ಆ ಮಟ್ಟಕ್ಕೆ ಥ್ರೆಶೋಲ್ಡ್ ಎಂದು ಹೆಸರು. ಎಷ್ಟು ತಗ್ಗಿಸಬೇಕೆಂದು ಹೇಳುವುದು ರೇಶಿಯೊ. ಅದು 4:1 ಇದ್ದರೆ ಮಿತಿಗಿಂತ 8 ಡೆಸಿಬೆಲ್ ಮೇಲೆ ಬಂದ ಸ್ವರ 2 ಡೆಸಿಬೆಲ್ ಮಾತ್ರ ಮೇಲೆ ಹೊರಬರುತ್ತದೆ. ಬಳಿಕ ಒಟ್ಟು ವಾಲ್ಯೂಮ್ ಏರಿಸಿದರೆ ಮೆಲುಸ್ವರಗಳು ಮೇಲೆದ್ದು ಜೋರಿನವುಗಳ ಪಕ್ಕಕ್ಕೆ ಬರುತ್ತವೆ.

ಹೆಚ್ಚು ಗಮನ ಬೇಡುವ ಗುಂಡಿ ಅಟ್ಯಾಕ್. ಮಿತಿ ದಾಟಿದ ಎಷ್ಟು ಹೊತ್ತಿಗೆ ಕಂಪ್ರೆಸರ್ ಎಚ್ಚೆತ್ತುಕೊಳ್ಳಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಮೀಟಿ ನುಡಿಸುವವರು ಅದನ್ನು ನಿಧಾನಕ್ಕೆ ಇಟ್ಟುಕೊಳ್ಳುವುದುಂಟು, ಮೀಟಿದ ಏಟಿನ ಗತ್ತು ಉಳಿಯಲೆಂದು. ಟ್ಯಾಪಿಂಗಿನಲ್ಲಿ ಆ ಮೊದಲ ಏಟಿನಲ್ಲಿರುವುದು ಬೆರಳು ಮರಕ್ಕೆ ಬಡಿದ ಸದ್ದು. ನಿಧಾನದ ಅಟ್ಯಾಕ್ ಅದನ್ನೇ ಇಡಿಯಾಗಿ ಮುಂದೆ ದಾಟಿಸುತ್ತದೆ. ಹೀಗಾಗಿ ಇಲ್ಲಿ ಅಟ್ಯಾಕ್ ಚುರುಕಾಗಿರುವುದು ಮೇಲು. ರೇಶಿಯೊ 3:1ರಿಂದ 4:1ರ ನಡುವೆ ಇದ್ದರೆ ಆರಂಭಕ್ಕೆ ಸಾಕು. ಅದಕ್ಕೂ ಮೇಲೆ ಹಿಂಡಿದರೆ ಎಲ್ಲ ಸ್ವರವೂ ಒಂದೇ ಎತ್ತರಕ್ಕೆ ಬಂದು, ಬೇಕೆಂದೇ ಮೆಲುವಾಗಿ ತಟ್ಟಿದ ಸ್ವರದ ಭಾವವೂ ಅಳಿಸಿಹೋಗುತ್ತದೆ.

ಕಂಪ್ರೆಸರ್ ಮೆಲುಸ್ವರದ ಜೊತೆಗೆ ಹಿನ್ನೆಲೆಯ ಗುಂಯ್ ಎಂಬ ಸದ್ದನ್ನೂ ಎತ್ತಿ ಕೂರಿಸುತ್ತದೆ. ಭಾರತದಲ್ಲಿ ಮನೆಯ ಕರೆಂಟು 50 ಹರ್ಟ್ಜ್‌ನದು. ಸಿಂಗಲ್ ಕಾಯಿಲ್ ಪಿಕಪ್ ಆ ಕಂಪನವನ್ನೂ ಅದರ ಗುಣಕಗಳನ್ನೂ ಗಾಳಿಯಿಂದಲೇ ಹಿಡಿಯುತ್ತದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ದೀಪದ ಡಿಮ್ಮರ್ ಇದ್ದ ಕೋಣೆಯಲ್ಲಿ ಇದರ ಮೇಲೆ ಜೀರುಂಡೆಯ ಸದ್ದೂ ಸೇರುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ರೂಪಿಸಿದ ಹಂಬಕರ್ ಪಿಕಪ್ ಹುಟ್ಟಿದ್ದೇ ಈ ಗುಂಯ್ ಕಾಟ ತಪ್ಪಿಸಲು. ಎದುರುಬದುರಾಗಿ ಜೋಡಿಸಿದ ಎರಡು ಸುರುಳಿಗಳಲ್ಲಿ ಗುಂಯ್ ಸದ್ದು ಒಂದನ್ನೊಂದು ಹೊಡೆದುಹಾಕಿ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಸಿಂಗಲ್ ಕಾಯಿಲ್ಲೇ ಬೇಕೆನ್ನುವವರು ರೆಗ್ಯುಲೇಟರ್‌ನಿಂದ ದೂರ ಕೂರಬೇಕು, ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಬೇಕು. ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತುಹಾಕುವ ಉಪಾಯ ಜೀವಕ್ಕೆ ಅಪಾಯ.

ಗುಂಯ್ ನಿಲ್ಲಿಸಲು ನಾಯ್ಸ್ ಗೇಟ್ ಪೆಡಲ್ ಹಚ್ಚುವವರೂ ಇದ್ದಾರೆ. ಸಿಗ್ನಲ್ ಮೆಲುವಾದ ಕೂಡಲೇ ಬಾಗಿಲು ಹಾಕುವುದು ಅದರ ಕೆಲಸ. ಟ್ಯಾಪ್ ಮಾಡಿದ ಸ್ವರದ ಬಾಲವೂ ಮೆಲುವೇ ಆದ್ದರಿಂದ ಸದ್ದಿನ ಜೊತೆ ಸಂಗೀತವೂ ತುಂಡಾಗುತ್ತದೆ.

ಆಂಪ್ಲಿಫೈಯರ್, ಕೊನೆಯ ಮೆರುಗು

ಆಂಪ್ಲಿಫೈಯರಿನಲ್ಲಿ ಹುಡುಕಬೇಕಾದ ಗುಣ ಹೆಡ್‌ರೂಮ್, ಅಂದರೆ ವಾಲ್ಯೂಮ್ ಏರಿಸಿದರೂ ನಾದ ಒಡೆಯದ ಸಾಮರ್ಥ್ಯ. ವಾಲ್ವ್ ಆಂಪ್‌ಗಳಲ್ಲಿ 85 ವ್ಯಾಟಿನ ಫೆಂಡರ್ ಟ್ವಿನ್ ರಿವರ್ಬ್ ಇದಕ್ಕೆ ಹೆಸರುವಾಸಿ. ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ 1975ರಲ್ಲಿ ಹೊರತಂದ ಜಾಝ್ ಕೋರಸ್ ಜೆಸಿ-120. ಮನೆಯಲ್ಲಿ ಅಭ್ಯಾಸಕ್ಕೆ ಸಣ್ಣ ಆಂಪ್ ಇದ್ದವರು ಗೇನ್ ಗುಂಡಿಯನ್ನು ಕಡಿಮೆ ಇಟ್ಟು, ಮಾಸ್ಟರ್ ವಾಲ್ಯೂಮಿನಿಂದ ಜೋರು ಪಡೆದರೆ ಆಯಿತು.

ನಾದದ ಕೆಳ, ನಡು, ಮೇಲಿನ ಭಾಗಗಳನ್ನು ಹೆಚ್ಚುಕಡಿಮೆ ಮಾಡುವ ಈಕ್ವಲೈಸರಿನಲ್ಲಿ ನೋಡಬೇಕಾದ ಜಾಗಗಳು ಮೂರು. ಗಿಟಾರಿನ ಅತಿ ಕೆಳಗಿನ ಸ್ವರ 82 ಹರ್ಟ್ಜ್ ಆಸುಪಾಸಿನದು, ಅದಕ್ಕಿಂತ ಕೆಳಗಿರುವುದು ಬರೀ ಧಡಧಡ, ತೆಗೆಯಬಹುದು. 200ರಿಂದ 400 ಹರ್ಟ್ಜ್‌ನಲ್ಲಿ ಎಡಗೈ ಕಾರ್ಡುಗಳು ಗುಪ್ಪೆಯಾಗುತ್ತವೆ, ಸ್ವಲ್ಪ ತಗ್ಗಿಸಿದರೆ ಬಲಗೈ ರಾಗಕ್ಕೆ ಜಾಗವಾಗುತ್ತದೆ. 2ರಿಂದ 4 ಕಿಲೋಹರ್ಟ್ಜ್‌ನಲ್ಲಿ ಸ್ವರದ ಸ್ಪಷ್ಟತೆ ಮತ್ತು ಬೆರಳಿನ ಟಕ್ ಎರಡೂ ಒಟ್ಟಿಗೆ ವಾಸಿಸುವುದರಿಂದ ಅಲ್ಲಿ ಕೈಯಾಡಿಸುವಾಗ ಕಿವಿ ಚುರುಕಾಗಿರಬೇಕು.

ಗುಂಗು ಸೇರಿಸುವ ರಿವರ್ಬ್, ಪ್ರತಿಧ್ವನಿ ಕೊಡುವ ಡಿಲೇ ಎಲ್ಲಕ್ಕಿಂತ ಕೊನೆಗೆ. ಡಿಲೇ ಸಮಯವನ್ನು ತಾಳಕ್ಕೆ ಹೊಂದಿಸಿದರೆ ಪ್ರತಿಧ್ವನಿಗಳು ಸ್ವರಗಳ ನಡುವಿನ ಸಂದಿಗೆ ಸರಿಯಾಗಿ ಬೀಳುತ್ತವೆ. ನಿಮಿಷಕ್ಕೆ 120 ಬಡಿತದ ಲಯದಲ್ಲಿ ಒಂದು ಬಡಿತ 500 ಮಿಲಿಸೆಕೆಂಡ್, ಅದರ ಮುಕ್ಕಾಲು 375. ಎರಡನೆಯ ಸಂಖ್ಯೆಗೆ ಡಿಲೇ ಇಟ್ಟು ಸಣ್ಣ ಸ್ವರಗುಚ್ಛ ತಟ್ಟಿದರೂ ಸಾಕು, ಇಮ್ಮಡಿ ಸ್ವರ ನುಡಿಸಿದಂತೆ ಕೇಳುತ್ತದೆ.

ಈ ಶೈಲಿಯನ್ನು ಇಂದು ಯುವಕ ಯುವತಿಯರಿಗೆ ಹತ್ತಿರ ತಂದವರಲ್ಲಿ ಕ್ಯಾಲಿಫೋರ್ನಿಯಾದ ಇವೆಟ್ ಯಂಗ್ ಒಬ್ಬರು. ಬಾಲ್ಯದಲ್ಲಿ ಪಿಯಾನೊ, ವಯಲಿನ್ ಕಲಿತು ಗಿಟಾರಿಗೆ ಬಂದವರು, ಕೋವೆಟ್ ತಂಡದ ಮುಂದಾಳು. ಎಫ್-ಎ-ಸಿ-ಜಿ-ಸಿ-ಇ ಎಂಬಂಥ ಶ್ರುತಿಗಳಲ್ಲಿ ತೆರೆದ ತಂತಿಗಳನ್ನು ಗುಂಯ್‌ಗುಡಲು ಬಿಟ್ಟು ಅವುಗಳ ಮೇಲೆ ಎರಡು ಕೈಗಳಿಂದ ಹೆಣೆಯುತ್ತಾರೆ. ಐಬನೆಜ್ ಅವರ ಹೆಸರಿನಲ್ಲಿ ತಯಾರಿಸಿದ ಗಿಟಾರಿನಲ್ಲಿರುವುದು ಹಂಬಕರ್ ಅಲ್ಲ, ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳು.

ಸ್ಟ್ಯಾನ್ಲಿ ಜೋರ್ಡಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವೇದಿಕೆಯಲ್ಲಿ ಗಿಟಾರನ್ನು ಪಿಯಾನೊ ಮುಂದೆಯೇ ಹಿಡಿದು ಕೂತು, ಒಂದು ಕೈಯಿಂದ ತಂತಿ ತಟ್ಟುತ್ತ ಇನ್ನೊಂದು ಕೈಯನ್ನು ಪಿಯಾನೊ ಮೇಲೆ ಓಡಿಸುತ್ತಾರೆ. ಗಿಟಾರಿನ ಸ್ವರ ಪಿಯಾನೊ ಸ್ವರದ ಪಕ್ಕದಲ್ಲೇ ನಿಂತು ಕೇಳಿಸಬೇಕಾದ ಅಲ್ಲಿ ಪೆಡಲ್, ಕಂಪ್ರೆಸರ್‌ಗಳ ನೆರವು ಸ್ವಲ್ಪವೇ. ಮಿಕ್ಕಿದ್ದೆಲ್ಲ ಆ ಒಂದು ಕೈಯ ಬೆರಳುಗಳು ಫ್ರೆಟ್ಟಿಗೆ ಎಷ್ಟು ಹತ್ತಿರ ಬೀಳುತ್ತವೆ, ಎಷ್ಟು ಸಮಬಲದಲ್ಲಿ ಬೀಳುತ್ತವೆ ಎಂಬುದರ ಮೇಲಿದೆ.